ಪೆನ್ಸಿಲ್ ಡಬ್ಬಿಯಲ್ಲಿ ಬಚ್ಚಿಟ್ಟ ಜಪಸರ

ಬೆಂಗಳೂರಿನ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅದರ ಸಾರ ಇಷ್ಟು. ಇವರು ಹಿಂದೂ, ಮಾಜಿ ಪತಿ ಮಂಗಳೂರಿನ ಕ್ಯಾಥೊಲಿಕ್. ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿ, ಆಮೇಲೆ ಇಗರ್ಜಿಯಲ್ಲೂ (ಚರ್ಚಿನಲ್ಲೂ) ಮದುವೆ ನಡೆದಿತ್ತು. ನಾಲ್ಕು ವರ್ಷದ ಹಿಂದೆ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಆಯಿತು. ಎಂಟು ವರ್ಷದ ಮಗಳು ತಾಯಿಯ ಜೊತೆ ಇದ್ದಾಳೆ, ತಿಂಗಳಿಗೊಂದು ವಾರಾಂತ್ಯ ಮತ್ತು ಅರ್ಧ ರಜೆ ಅಪ್ಪನ ಜೊತೆ. ಈಗ ಅಪ್ಪ ಬೇಸಿಗೆ ರಜೆಯಲ್ಲಿ ಮಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸಿ, ಪ್ರಥಮ ಪರಮಪ್ರಸಾದವನ್ನೂ (ಫಸ್ಟ್ ಕಮ್ಯೂನಿಯನ್) ಕೊಡಿಸುತ್ತೇನೆ ಎನ್ನುತ್ತಿದ್ದಾರೆ. "ನಾನಿದನ್ನು ಕೋರ್ಟಿನಲ್ಲಿ ತಡೆಯಬಹುದಾ? ಧರ್ಮದ ಕಾರಣಕ್ಕೆ ಮಗಳನ್ನು ನನ್ನಿಂದ ಕಿತ್ತುಕೊಳ್ಳಬಹುದಾ?" ಇದು ಅವರ ಪ್ರಶ್ನೆ.

ಪ್ರಿಯ ಓದುಗರೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕಾನೂನಿನ ಮಾತು ಆಮೇಲೆ ಆಡುತ್ತೇನೆ. ಮೊದಲು ನಾಲ್ಕನೇ ಪುಟದಲ್ಲಿ ನೀವು ಎರಡೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟ ವಿಷಯ. ದಸರಾ ರಜೆ ಮುಗಿಸಿ ಬಂದ ಮಗಳ ಪೆನ್ಸಿಲ್ ಡಬ್ಬಿಯಲ್ಲಿ, ರಬ್ಬರಿನ ಕೆಳಗೆ, ಟಿಶ್ಯೂ ಪೇಪರಿನಲ್ಲಿ ಸುತ್ತಿದ್ದ ಒಂದು ಜಪಸರ, ಕ್ಯಾಥೊಲಿಕರು ಪ್ರಾರ್ಥನೆಗೆ ಹಿಡಿಯುವ ಮಣಿಸರ, ಸಿಕ್ಕಿತು. ನಿಮ್ಮ ವಕೀಲರು ಫೋಟೋ ತೆಗೆದಿಡಿ, ಸಾಕ್ಷಿಗೆ ಬರುತ್ತದೆ ಎಂದರು. ನೀವು ಫೋಟೋ ತೆಗೆದು ಜಪಸರವನ್ನು ಬೀರುವಿನಲ್ಲಿಟ್ಟಿರಿ. ಅದೇ ಪುಟದಲ್ಲಿ ಇನ್ನೊಂದು ಸಾಲಿದೆ: ಅಪ್ಪ ಕರೆದುಕೊಂಡು ಹೋಗಲು ಬಂದ ದಿನ ಅವಳು ಲಿಫ್ಟಿನಲ್ಲೇ ಹಣೆಯ ಬೊಟ್ಟು ಒರೆಸಿಕೊಳ್ಳುತ್ತಾಳೆ.

ಜಪಸರ ಕಂಡು ನಿಮಗೆ ಭಯವಾಯಿತು, ಅರ್ಥವಾಗುತ್ತದೆ. ನನಗೆ ಭಯವಾಗಿದ್ದು ಆ ಟಿಶ್ಯೂ ಪೇಪರ್ ನೋಡಿ. ಎಂಟು ವರ್ಷದ ಹುಡುಗಿ ಇಷ್ಟು ಜೋಪಾನವಾಗಿ ಒಂದು ವಸ್ತುವನ್ನು ಮುಚ್ಚಿಡುವುದು ಕಲಿತಿದ್ದಾಳೆ. ಅಮ್ಮನ ಮನೆಯಲ್ಲಿ ಯಾವುದು ಕಾಣಬಾರದು, ಅಪ್ಪನ ಮುಂದೆ ಯಾವುದು ಕಾಣಬಾರದು ಎಂದು ಅವಳೇ ಲೆಕ್ಕ ಹಾಕಿಕೊಂಡಿದ್ದಾಳೆ. ಇದನ್ನು ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಕ್ಕಿಲ್ಲ. ಮಕ್ಕಳು ಮುಖ ನೋಡಿ ಕಲಿಯುತ್ತಾರೆ, ಅಲ್ವಾ?

ಈಗ ಕಾನೂನು. ನಾನು ವಕೀಲನಲ್ಲ, ಆದರೆ ಇಂಥ ಪತ್ರಗಳು ಬಂದಾಗಲೆಲ್ಲ ಓದಿ, ತಿಳಿದವರನ್ನು ಕೇಳಿ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ನಿಮ್ಮ ಮದುವೆ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗಿದ್ದರಿಂದ, 1954ರ ಆ ಕಾಯ್ದೆಯ 38ನೇ ಸೆಕ್ಷನ್ ನಿಮಗೆ ಅನ್ವಯಿಸುತ್ತದೆ. ಮಗು ಯಾರ ಬಳಿ ಇರಬೇಕು, ಅದರ ಖರ್ಚು, ಓದು, ಇವುಗಳ ಬಗ್ಗೆ ಕೋರ್ಟ್ ಡಿಕ್ರಿ ಕೊಟ್ಟ ಮೇಲೂ ಅರ್ಜಿ ಹಾಕಿ ಆದೇಶ ಬದಲಿಸಿಕೊಳ್ಳಬಹುದು. ಸಾಧ್ಯವಾದ ಕಡೆ ಮಗುವಿನ ಇಷ್ಟವನ್ನೂ ನೋಡಬೇಕು ಎಂದು ಅದರಲ್ಲೇ ಬರೆದಿದೆ. ಇನ್ನೊಂದು, ಬ್ರಿಟಿಷರ ಕಾಲದ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ. ಅದರ 17ನೇ ಸೆಕ್ಷನ್ನಿನಲ್ಲಿ ಧರ್ಮದ ಹೆಸರಿದೆ. ಆದರೆ ಗಮನಿಸಿ, ಅಲ್ಲಿರುವುದು ಮಗುವಿನ ವಯಸ್ಸು, ಮಗುವಿನ ಲಿಂಗ, ಮಗುವಿನ ಧರ್ಮ. ಅಪ್ಪನ ಧರ್ಮ ದೊಡ್ಡದೋ ಅಮ್ಮನದೋ ಎಂದು ತೂಗಲು ಆ ಸೆಕ್ಷನ್ ಹೇಳುವುದೇ ಇಲ್ಲ. ಅದೂ ಹಲವು ಅಂಶಗಳ ನಡುವೆ ಒಂದು. ಪಾಲಕರ ನಡತೆ, ಸಾಮರ್ಥ್ಯ, ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಮಾತು, ಇವೆಲ್ಲ ಜೊತೆಗಿವೆ. ಎಲ್ಲಕ್ಕಿಂತ ಮೇಲೆ ಮಗುವಿನ ಹಿತ.

ಹಾಗಾದರೆ ನಿಮ್ಮ ಮಗಳ ಧರ್ಮ ಯಾವುದು? ನಿಮ್ಮ ತಂದೆಯವರು "ಅಪ್ಪನ ಧರ್ಮವೇ ಮಗುವಿನ ಧರ್ಮ, ಕೋರ್ಟಿಗೆ ಹೋದರೆ ಸೋಲುತ್ತೇವೆ" ಎಂದು ಹೆದರಿಸಿದ್ದಾರೆ ಎಂದು ಬರೆದಿದ್ದೀರಿ. ಅದು ಅಷ್ಟು ಸರಳವಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯನ್ನೇ ನೋಡಿ. ತಂದೆ ತಾಯಿಯಲ್ಲಿ ಒಬ್ಬರು ಹಿಂದೂ ಆಗಿದ್ದು, ಮಗು ಆ ಕುಟುಂಬದ, ಆ ಸಮುದಾಯದ ರೀತಿಯಲ್ಲಿ ಬೆಳೆದಿದ್ದರೆ ಆ ಕಾಯ್ದೆಗೆ ಅದು ಹಿಂದೂ ಮಗು. ಅಂದರೆ ಬೆಳೆದ ರೀತಿಗೆ ಬೆಲೆ ಇದೆ. ಧರ್ಮ ಬೇರೆ ಎಂಬ ಒಂದೇ ಕಾರಣಕ್ಕೆ, ನಾಲ್ಕು ವರ್ಷದಿಂದ ನೆಮ್ಮದಿಯಾಗಿ ನಿಮ್ಮ ಬಳಿ ಇರುವ, ಸ್ಕೂಲು, ಗೆಳತಿಯರು, ಭರತನಾಟ್ಯದ ಕ್ಲಾಸು ಎಲ್ಲ ಬೆಂಗಳೂರಿನಲ್ಲೇ ಇರುವ ಮಗಳನ್ನು ಕಿತ್ತು ಮಂಗಳೂರಿಗೆ ಕಳಿಸುತ್ತಾರೆ ಎಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಹಾಗೆಯೇ, ಅದೇ ಕಾರಣ ಹೇಳಿ ನೀವು ಅವಳ ಅಪ್ಪನ ಭೇಟಿ ನಿಲ್ಲಿಸಲು ಹೊರಟರೂ ಕೇಸು ನಿಲ್ಲುವುದು ಕಷ್ಟ.

ಸುಪ್ರೀಂ ಕೋರ್ಟ್ 1973ರಲ್ಲೇ, ಕ್ರೈಸ್ತ ದಂಪತಿಯ ಒಂದು ಪ್ರಕರಣದಲ್ಲಿ, ಮಕ್ಕಳು ತಂದೆ ತಾಯಿಯ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಹೇಳಿತ್ತು. ಮಗು ಯಾರ ಬಳಿ ಇರಬೇಕು ಎಂಬ ಆದೇಶ ಯಾವತ್ತೂ ಕೊನೆಯದಲ್ಲ, ಪರಿಸ್ಥಿತಿ ಬದಲಾದರೆ ಅದೂ ಬದಲಾಗಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಇವತ್ತು ನೀವು ಗೆದ್ದರೂ ನಾಳೆ ಅವರು ಅರ್ಜಿ ಹಾಕಬಹುದು, ಅದಕ್ಕೆ ನೀವು ಇನ್ನೊಂದು ಹಾಕಬಹುದು. ಹೀಗೇ ಮಗಳಿಗೆ ಹದಿನೆಂಟು ತುಂಬುವವರೆಗೂ ಎಳೆದಾಡಬಹುದು.

ದೀಕ್ಷಾಸ್ನಾನದ ವಿಷಯಕ್ಕೆ ಬರೋಣ. ಇಲ್ಲಿ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ ಅನಿಸುತ್ತದೆ. ಕ್ಯಾಥೊಲಿಕ್ ಧರ್ಮಸಭೆಯ ನಿಯಮದಲ್ಲಿ ಏಳು ವರ್ಷ ತುಂಬಿದ ಮಗುವನ್ನು ತಿಳಿವಳಿಕೆ ಬಂದ ಮಗು ಎಂದು ನೋಡುತ್ತಾರೆ. ಹಸುಗೂಸಿಗಾದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಒಪ್ಪಬೇಕು ಎಂಬ ನಿಯಮ. ಏಳು ದಾಟಿದ ಮೇಲೆ ದೊಡ್ಡವರ ದೀಕ್ಷಾಸ್ನಾನದ ನಿಯಮಗಳೇ ಬರುತ್ತವೆ: ಉಪದೇಶದ ತರಗತಿ ಆಗಬೇಕು, ಮಗುವಿಗೆ ಸ್ವತಃ ಮನಸ್ಸಿರಬೇಕು. ಒಂದು ಭಾನುವಾರ ಕರೆದುಕೊಂಡು ಹೋಗಿ ನೀರು ಹಾಕಿಸಿಕೊಂಡು ಬರುವ ಕೆಲಸ ಅಲ್ಲ ಅದು. ಆದ್ದರಿಂದ ಆ ಇಗರ್ಜಿಯ ಗುರುಗಳಿಗೆ ನೀವೇ ಒಂದು ಪತ್ರ ಬರೆಯಿರಿ. ಜಗಳದ ಪತ್ರ ಬೇಡ. ನಾನು ತಾಯಿ, ಮಗು ನನ್ನ ಬಳಿ ಇದೆ, ನನ್ನ ಜೊತೆ ಮಾತಾಡದೆ ಮುಂದುವರಿಯಬೇಡಿ ಎಂದಷ್ಟೇ.

ಇನ್ನೊಂದು ವಿಷಯ, ನಿಮಗೆ ಇಷ್ಟವಾಗದಿದ್ದರೂ ಹೇಳಬೇಕು. ನಿಮ್ಮ ಮದುವೆ ಇಗರ್ಜಿಯಲ್ಲಿ ನಡೆಯಲು ಬಿಷಪರ ಅನುಮತಿ ಬೇಕಾಗಿತ್ತು. ಆಗ ಕ್ಯಾಥೊಲಿಕ್ ಆದವರು, ಹುಟ್ಟುವ ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ನನ್ನಿಂದಾದಷ್ಟು ಮಾಡುತ್ತೇನೆ ಎಂದು ಮಾತು ಕೊಡಬೇಕು. ನೀವು ಮಾತು ಕೊಡಬೇಕಿಲ್ಲ, ಆದರೆ ಅವರು ಕೊಟ್ಟಿದ್ದು ನಿಮಗೆ ತಿಳಿದಿರಬೇಕು. "ದೊಡ್ಡವಳಾದ ಮೇಲೆ ಅವಳೇ ಆರಿಸಿಕೊಳ್ಳಲಿ ಎಂದು ಇಬ್ಬರೂ ಒಪ್ಪಿದ್ದೆವು, ಈಗ ಮಾತು ತಪ್ಪಿದ್ದಾರೆ" ಎಂದು ನೀವು ಬರೆಯುತ್ತೀರಿ. ನಿಜ ಇರಬಹುದು. ಆದರೆ ಆ ಮನುಷ್ಯ ಎರಡು ಕಡೆ ಎರಡು ಮಾತು ಕೊಟ್ಟು ಹತ್ತು ವರ್ಷ ನಡುವೆ ಸಿಕ್ಕಿಕೊಂಡಿರಬಹುದು. ಮತ್ತೆ, ಬೇರೆಯಾದ ವರ್ಷ ಮಗಳನ್ನು ಶೃಂಗೇರಿಗೆ ಕರೆದುಕೊಂಡು ಹೋಗಿ ಅಕ್ಷರಾಭ್ಯಾಸ ಮಾಡಿಸಿದ್ದನ್ನು ತುಂಬಾ ಚೆನ್ನಾಗಿ ಬರೆದಿದ್ದೀರಿ, ಅಕ್ಕಿಯ ಮೇಲೆ ಅವಳು ಬರೆದ ಓಂಕಾರದವರೆಗೆ. ಅವಳ ಅಪ್ಪನಿಗೆ ಅದನ್ನು ಮೊದಲೇ ತಿಳಿಸಿದ್ದಿರಾ? ಪತ್ರದಲ್ಲಿ ಇಲ್ಲ. ತಿಳಿಸಿಲ್ಲದಿದ್ದರೆ, ಅವರು ಈಗ ಮಾಡಲು ಹೊರಟಿರುವುದು ಅವರ ಕಣ್ಣಿಗೆ ಹೇಗೆ ಕಾಣುತ್ತಿರಬಹುದು ಎಂದು ಒಂದು ಸಲ ಯೋಚಿಸಿ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ದೀಕ್ಷಾಸ್ನಾನ ಎಂದರೆ ಒಂದು ಧರ್ಮಸಭೆಗೆ ಸೇರುವುದು, ಅದು ರಿಜಿಸ್ಟರಿನಲ್ಲಿ ಉಳಿಯುತ್ತದೆ. ಒಬ್ಬರೇ ನಿರ್ಧರಿಸಿ ಮಾಡಬಾರದ ಕೆಲಸ ಅದು, ಅವರಿಗೂ ಇದನ್ನೇ ಹೇಳುತ್ತೇನೆ. ಮಲೇಷ್ಯಾದ ಇಂದಿರಾ ಗಾಂಧಿ ಎಂಬ ತಮಿಳು ತಾಯಿಯ ಕಥೆ ನೀವು ಕೇಳಿರಬಹುದು. 2009ರಲ್ಲಿ ಗಂಡ ಇಸ್ಲಾಮಿಗೆ ಮತಾಂತರವಾಗಿ, ಆಕೆಗೆ ಹೇಳದೆ ಮೂವರು ಮಕ್ಕಳನ್ನೂ ಮತಾಂತರ ಮಾಡಿಸಿದ, ಹನ್ನೊಂದು ತಿಂಗಳ ಮಗಳನ್ನು ಎತ್ತಿಕೊಂಡು ಹೋದ. 2018ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಮಕ್ಕಳ ಮತಾಂತರಕ್ಕೆ ಇಬ್ಬರ ಒಪ್ಪಿಗೆಯೂ ಬೇಕು ಎಂದು ತೀರ್ಪು ಕೊಟ್ಟಿತು. ಆ ತಾಯಿ ಕೇಸು ಗೆದ್ದಳು. ಗೆದ್ದ ದಿನಕ್ಕೂ ಆ ಸಣ್ಣ ಮಗಳು ಅವಳ ಕೈಗೆ ಸಿಕ್ಕಿರಲಿಲ್ಲ, ಸುಮಾರು ಒಂಬತ್ತು ವರ್ಷ ಕಳೆದಿತ್ತು. ನಿಮ್ಮದು ಆ ಮಟ್ಟದ ಜಗಳ ಅಲ್ಲವೇ ಅಲ್ಲ. ನಿಮ್ಮ ಮಗಳ ಅಪ್ಪ ಹೇಳಿದ ಹೊತ್ತಿಗೆ ಅವಳನ್ನು ವಾಪಸ್ ಕರೆತಂದು ಬಿಡುತ್ತಾರೆ, ಒಂದು ಸಲವೂ ತಪ್ಪಿಲ್ಲ ಎಂದು ನೀವೇ ಬರೆದಿದ್ದೀರಿ. ಅದನ್ನು ಹಾಳು ಮಾಡಿಕೊಳ್ಳಬೇಡಿ.

ನನ್ನ ಸಲಹೆ ಇದು. ಈಗಲೇ ತಡೆಯಾಜ್ಞೆಗೆ ಓಡಬೇಡಿ. ಬೇಸಿಗೆಗೆ ಇನ್ನೂ ಸಮಯ ಇದೆ. ಮೊದಲು ಮಧ್ಯಸ್ಥಿಕೆಗೆ ಕೂರೋಣ ಎಂದು ಅವರಿಗೆ ಬರೆದು ತಿಳಿಸಿ, ಬೆಂಗಳೂರಿನಲ್ಲಿ ಅದಕ್ಕೆ ವ್ಯವಸ್ಥೆ ಇದೆ, ತರಬೇತಿ ಪಡೆದ ವಕೀಲರೇ ಕೂರಿಸಿ ಮಾತಾಡಿಸುತ್ತಾರೆ. ನಿಮ್ಮ ವಿಚ್ಛೇದನದ ಒಪ್ಪಂದದಲ್ಲಿ ಸ್ಕೂಲ್ ಫೀಸು ಯಾರು ಕಟ್ಟಬೇಕು, ದೀಪಾವಳಿ ಎಲ್ಲಿ, ಕ್ರಿಸ್ಮಸ್ ಎಲ್ಲಿ ಎಲ್ಲ ಇದೆಯಂತೆ, ಧರ್ಮದ ಬಗ್ಗೆ ಒಂದಕ್ಷರ ಇಲ್ಲ. ಈಗ ಬರೆಸಿ. ಯಾವ ಮನೆಯಲ್ಲಿ ಇರುತ್ತಾಳೋ ಆ ಮನೆಯ ರೂಢಿಯಂತೆ ಇರಲಿ, ಅಲ್ಲಿ ಇಗರ್ಜಿಯ ಪೂಜೆಗೆ ಹೋಗಲಿ, ಇಲ್ಲಿ ದೇವಸ್ಥಾನಕ್ಕೆ ಹೋಗಲಿ. ಒಬ್ಬರು ಇನ್ನೊಬ್ಬರ ದೇವರ ಬಗ್ಗೆ ಅವಳ ಮುಂದೆ ಹಗುರವಾಗಿ ಮಾತಾಡಬಾರದು, ಇದರಲ್ಲಿ ಎರಡೂ ಕಡೆಯ ಅಜ್ಜ ಅಜ್ಜಿಯರೂ ಸೇರಿದರು. ದೀಕ್ಷಾಸ್ನಾನವಾಗಲಿ ಮತ್ತೊಂದಾಗಲಿ, ಸೇರ್ಪಡೆಯ ವಿಧಿಗಳು ಇಬ್ಬರ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಅವರು ಮಾತುಕತೆಗೆ ಬರದೆ ದಿನ ಗೊತ್ತು ಮಾಡಿದರೆ ಆಗ ಕೋರ್ಟಿಗೆ ಹೋಗಿ, ನಾನೇ ಹೋಗಿ ಎನ್ನುತ್ತೇನೆ. ಮಗು ಇರುವ ಊರಿನ ಕೋರ್ಟೇ ಕೇಳುವುದು, ನೀವು ಮಂಗಳೂರಿಗೆ ಅಲೆಯಬೇಕಿಲ್ಲ.

ಊಟದ ವಿಷಯ ಕೇಳಿದ್ದೀರಿ. ಅಲ್ಲಿ ಮೀನು ತಿಂದಳಾ ಎಂದು ಪ್ರತಿ ಸಲ ವಿಚಾರಿಸುವುದನ್ನು ದಯವಿಟ್ಟು ನಿಲ್ಲಿಸಿ. ತಿಂದಿರುತ್ತಾಳೆ. ಮಂಗಳೂರು ಕ್ಯಾಥೊಲಿಕರ ತೆನೆ ಹಬ್ಬವಾದ ಮೊಂತಿ ಹಬ್ಬದ ದಿನ ಮಾತ್ರ ಅಲ್ಲೂ ತರಕಾರಿ ಊಟವೇ. ಇಗರ್ಜಿಯಿಂದ ಹೊಸ ತೆನೆ ತಂದು, ಅದರ ಭತ್ತ ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ. ನಿಮ್ಮ ಅಜ್ಜಿಯ ಮನೆಯ ಹೊಸ ಅಕ್ಕಿ ಊಟದ ಬಗ್ಗೆ ಪತ್ರದಲ್ಲಿ ಬರೆದಿದ್ದೀರಲ್ಲ, ಅದನ್ನು ಓದುವಾಗ ನನಗೆ ಇದು ನೆನಪಾಯಿತು. ಮುಂದಿನ ಸಲ ಅವಳು ಬಂದಾಗ ತನಿಖೆಯ ಹಾಗೆ ಕೇಳದೆ, ಅಲ್ಲಿ ಹಬ್ಬ ಹೇಗೆ ಮಾಡಿದಿರಿ, ಯಾವ ಹೂವು ತೆಗೆದುಕೊಂಡು ಹೋಗಿದ್ದೆ ಎಂದು ಕೇಳಿ ನೋಡಿ. ಅವಳು ಹೇಳಲಿ, ನೀವು ಸುಮ್ನೆ ಕೇಳಿಸಿಕೊಳ್ಳಿ.

ನ್ಯಾಯಾಧೀಶರು ಇಂಥ ಕೇಸುಗಳಲ್ಲಿ ಮಗುವನ್ನು ಚೇಂಬರಿಗೆ ಕರೆದು ಒಬ್ಬಳನ್ನೇ ಮಾತಾಡಿಸುವುದುಂಟು. ನಿನಗೆ ಯಾರು ಬೇಕು ಎಂದು ನೇರವಾಗಿ ಕೇಳದಿದ್ದರೂ ಅದು ಅದೇ ಪ್ರಶ್ನೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಲಿಫ್ಟಿನಲ್ಲಿ ಬೊಟ್ಟು ಒರೆಸಿಕೊಳ್ಳುವ ಹುಡುಗಿ ಅಲ್ಲಿ ಕೂತು ಏನು ಹೇಳಬೇಕು ಹೇಳಿ.

ಆ ಫೋಟೋ ಅಳಿಸಿಬಿಡಿ. ಜಪಸರವನ್ನು ಬೀರುವಿನಿಂದ ತೆಗೆದು ಇವತ್ತೇ ಅವಳ ಕೈಗೆ ಕೊಡಿ, ಬಚ್ಚಿಟ್ಟಿದ್ದಕ್ಕೆ ಬೈಯಬೇಡಿ, ಯಾರು ಕೊಟ್ಟರು ಎಂದೂ ಕೇಳಬೇಡಿ. ಎಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿ, ಅವಳು ತೋರಿಸಿದ ಜಾಗದಲ್ಲಿ ಇರಲಿ. ನಿಮ್ಮ ತಾಯಿಯವರಿಗೆ ಮೊದಲೇ ಹೇಳಿಟ್ಟಿರಿ. ಆಮೇಲೆ ಏನಾಯಿತು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ