ನಗಾರಿ ಮೊಳಗಿದರೆ ನಿಂತುಹೋಗುವ ಕಮಾನು: ಒಂದು ಆಪ್ತಸಲಹೆ ಪ್ರಕರಣ

ಯುದ್ಧದಿಂದ ಚದುರಿಹೋದ ಉಕ್ರೇನಿನ ಎಳೆಯ ವಾದಕರು ಜರ್ಮನಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿರುವ ವಾದ್ಯವೃಂದದ ಪ್ರಕರಣವಿದು. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಹುಡುಗಿಗೆ 17 ವರ್ಷ, ನುಡಿಸುವುದು ವಯೋಲ, ಅಂದರೆ ಪಿಟೀಲಿಗಿಂತ ತುಸು ದೊಡ್ಡ ತಂತಿವಾದ್ಯ. 2022ರ ವಸಂತದಲ್ಲಿ ತಾಯಿಯೊಂದಿಗೆ ಉಕ್ರೇನಿನ ಖಾರ್ಕಿವ್ ನಗರ ಬಿಟ್ಟಳು. ತಂದೆ ಅಲ್ಲೇ ಉಳಿದರು. ಸೇನಾ ಕಾನೂನಿನಂತೆ 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿರಲಿಲ್ಲ. ಒಂದೇ ಸ್ವರಪ್ರತಿ ನೋಡಿ ಅವಳ ಪಕ್ಕದಲ್ಲಿ ನುಡಿಸುತ್ತಿದ್ದ ಹುಡುಗನಿಗೂ 18 ತುಂಬಿತ್ತು. 22ರವರೆಗಿನವರಿಗೆ ಗಡಿ ದಾಟಲು ಅವಕಾಶ ಸಿಕ್ಕಿದ್ದು 2025ರ ಆಗಸ್ಟಿನಲ್ಲಿ. ಇದು ಅದಕ್ಕೂ ಹಿಂದಿನ ಮಾತು.

ತಾಲೀಮಿಗೆ ಆರಿಸಿದ್ದು ಉಕ್ರೇನಿನ ಸಂಗೀತ ರಚನಕಾರ ಬೊರಿಸ್ ಲ್ಯಾತೊಶಿನ್ಸ್ಕಿಯ 1951ರ ಮೂರನೇ ಸಿಂಫನಿ. ಅದರ ಕೊನೆಯ ಭಾಗವನ್ನು ಸೋವಿಯತ್ ಅಧಿಕಾರಿಗಳ ಒತ್ತಡಕ್ಕೆ ಮಣಿದು ಆತ ತಿದ್ದಿ ಬರೆಯಬೇಕಾಯಿತು. ಹಾಗಾಗಿ ತಿದ್ದುವ ಮುಂಚಿನ ರೂಪವನ್ನೇ ನುಡಿಸಬೇಕೆಂಬುದು ಮಕ್ಕಳದೇ ಹಟ. ಆದರೆ ಹಿತ್ತಾಳೆ ವಾದ್ಯಗಳೂ ನಗಾರಿಗಳೂ ಒಟ್ಟಿಗೆ ಎದ್ದ ಕ್ಷಣ ಈಕೆಯ ಕಮಾನು ತಂತಿಯ ಮೇಲೇ ನಿಂತುಬಿಡುತ್ತಿತ್ತು. ಕೈ ನಡುಗಿ, ಉಸಿರು ಕಟ್ಟಿ, ಎದ್ದು ಹೊರಗೆ ಹೋಗುತ್ತಿದ್ದಳು. ರಾತ್ರಿ ನಿದ್ದೆಯಿಲ್ಲ. ವಾದ್ಯದ ಪೆಟ್ಟಿಗೆ ತೆರೆಯದೆ ತಿಂಗಳುಗಳೇ ಕಳೆದಿದ್ದವು.

ಸಂಗೀತ ತಾನಾಗಿಯೇ ಗಾಯ ಮಾಯಿಸುತ್ತದೆ, ನುಡಿಸುತ್ತಾ ಹೋದರೆ ಸರಿಹೋಗುತ್ತಾಳೆ ಎಂದು ಹಿರಿಯರು ನಂಬಿದ್ದರು. ಅದು ಪ್ರೀತಿಯ ನಂಬಿಕೆಯೇ, ಆದರೆ ಇಲ್ಲಿ ಕೆಡುಕು ಮಾಡುತ್ತಿತ್ತು. ಬೆನ್ನ ಹಿಂದಿನಿಂದ, ಹೇಳದೆ ಕೇಳದೆ ಬರುವ ದೊಡ್ಡ ಸದ್ದು ಅವಳ ಮೈಗೆ ಸ್ಫೋಟವೇ. ಪ್ರತಿಸಲ ಅದರ ತುತ್ತತುದಿಯಲ್ಲಿ ಓಡಿಹೋದಾಗ ಭಯ ಇನ್ನಷ್ಟು ಬೇರು ಬಿಡುತ್ತದೆ.

ಮೊದಲು ಮಾತಿನ ಏರ್ಪಾಡು. ದುಭಾಷಿಯಾಗಿ ತಾಯಿಯನ್ನಾಗಲಿ ಸಹವಾದಕರನ್ನಾಗಲಿ ಕೂರಿಸಲಿಲ್ಲ. ತಾಯಿಯ ಮುಂದೆ ಮಕ್ಕಳು ಅರ್ಧ ನುಂಗಿಕೊಳ್ಳುತ್ತಾರೆ. ಖಾರ್ಕಿವ್‌ನ ಎಷ್ಟೋ ಮನೆಗಳಲ್ಲಿ ರಷ್ಯನ್ ಆಡುತ್ತಾರೆ, ಈಗ ಹಲವರಿಗೆ ಅದು ಬೇಡ. ಯಾವ ಭಾಷೆ ಎಂಬುದನ್ನು ಅವಳನ್ನೇ ಕೇಳಿದ್ದಾಯಿತು. ಸಾಯಬೇಕೆನಿಸುತ್ತದೆಯೇ ಎಂದೂ ನೇರವಾಗಿ ಕೇಳಲಾಯಿತು. ಇಲ್ಲವೆಂದಳು. ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಉಳಿದಿದ್ದರಿಂದ ಆಘಾತ ಚಿಕಿತ್ಸೆ ಬಲ್ಲ ಮನೋವೈದ್ಯಕೀಯ ತಂಡಕ್ಕೆ ಕಳಿಸಲಾಯಿತು. ಕೆಳಗಿನ ಸಲಹೆಗಳು ಆ ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ.

ಕುರ್ಚಿಯನ್ನು ಸಾಲಿನ ಹೊರತುದಿಗೆ, ಬಾಗಿಲ ಕಡೆಗೆ ಹಾಕಿಸಿ, ನಗಾರಿಯವನ ಕೈ ಮೇಲೇಳುವುದು ಓರೆಗಣ್ಣಿಗೆ ಕಾಣುವಂತೆ ತುಸು ತಿರುಗಿಸಲಾಯಿತು. ತನ್ನ ಸ್ವರಪ್ರತಿಯಲ್ಲಿ ನಗಾರಿ ಬರುವ ಪ್ರತಿ ಜಾಗಕ್ಕೂ ಎರಡು ಆವರ್ತ ಮುಂಚೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು. ಬಳಿಕ ಮೆಟ್ಟಿಲು ಮೆಟ್ಟಿಲಾಗಿ: ಸ್ವರಪ್ರತಿ ಹಿಡಿದು ಸಣ್ಣ ದನಿಯಲ್ಲಿ ಧ್ವನಿಮುದ್ರಣ ಕೇಳುವುದು, ಖಾಲಿ ಸಭಾಂಗಣದಲ್ಲಿ ಕೋಲು ಹಿಡಿದು ತಾನೇ ನಗಾರಿ ಬಾರಿಸುವುದು, ವಾದಕ ಬಾರಿಸುವಾಗ ಪಕ್ಕದಲ್ಲಿ ನಿಲ್ಲುವುದು, ಇಡೀ ವೃಂದ ಮೆಲ್ಲಗೆ ನುಡಿಸುವುದು, ಕೊನೆಗೆ ಪೂರ್ಣ ಬಲ. ತಳಮಳಕ್ಕೆ 0ಯಿಂದ 10ರ ಅಂಕ ಕೊಡಬೇಕು. ಶುರುವಿನ ಅಂಕ ಅರ್ಧಕ್ಕಿಳಿದ ಮೇಲೆಯೇ ಮುಂದಿನ ಮೆಟ್ಟಿಲು, 8 ದಾಟಿದರೆ ಒಂದು ಹೆಜ್ಜೆ ಹಿಂದಕ್ಕೆ. ಕೋಲು ಅವಳ ಕೈಗೆ ಬಂದ ದಿನವೇ ದೊಡ್ಡ ಬದಲಾವಣೆ ಕಂಡದ್ದು. ಆ ಸದ್ದು ಯಾವಾಗ ಹುಟ್ಟಬೇಕೆಂದು ಅಂದು ಅವಳೇ ನಿರ್ಧರಿಸಿದಳು.

ಕಿವಿಗೆ ಫೋಮ್ ಬಿರಡೆ ಬೇಡ. ಅದು ಮೇಲಿನ ಸ್ವರಗಳನ್ನು ನುಂಗುತ್ತದೆ, ತನ್ನ ವಾದ್ಯ ಮಂಕಾಗಿ ಕೇಳಿ ಕಮಾನನ್ನು ಒತ್ತಿ ಒತ್ತಿ ಮಣಿಕಟ್ಟು ನೋಯುತ್ತದೆ. ಎಲ್ಲ ಸ್ವರಗಳನ್ನೂ ಸಮನಾಗಿ, ಸುಮಾರು 15 ಡೆಸಿಬೆಲ್‌ನಷ್ಟು ತಗ್ಗಿಸುವ ಸಂಗೀತಗಾರರ ಬಿರಡೆ ಸಾಕು. ಅದೂ ಅಬ್ಬರದ ಪುಟಗಳಿಗೆ ಮಾತ್ರ; ಸದಾ ಹಾಕಿದರೆ ಕಿವಿ ಸದ್ದಿಗೆ ಇನ್ನೂ ಬೆದರುತ್ತದೆ.

ಅಭ್ಯಾಸವನ್ನು ದಿನಕ್ಕೆರಡು ಸಲ, 15 ನಿಮಿಷದಂತೆ ಶುರುಮಾಡಿ, ನೋವಿಲ್ಲದಿದ್ದರೆ ಕೆಲವು ದಿನಕ್ಕೊಮ್ಮೆ ಐದು ನಿಮಿಷ ಏರಿಸಬೇಕು. ಕಳೆದ ಕಾಲವನ್ನು ಒಂದೇ ವಾರದಲ್ಲಿ ಹಿಡಿಯಲು ಹೋದರೆ ಸ್ನಾಯು ಕೈಕೊಡುತ್ತದೆ. ನಡುಕ ಹೆಚ್ಚು ಕಾಣುವುದು ನಿಧಾನದ ಉದ್ದ ಸ್ವರಗಳಲ್ಲಿ. ಆದ್ದರಿಂದ ಮೊದಲು ಕಮಾನಿನ ಕೆಳ ಅರ್ಧದಲ್ಲಿ ಗಿಡ್ಡ ಎಳೆತ, ಕಮಾನು ಕೆಳಗೆಳೆಯುವಾಗ ಉಸಿರು ಬಿಡುವುದು. ಬಾಡಿಗೆ ಮನೆಯಲ್ಲಿ ನೆರೆಯವರು ಗದರಿಸುತ್ತಾರೆಂದು ತಾಯಿ ಹೆದರಿದ್ದರು. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತುತ್ತೂರಿ ವಾದಕನೊಬ್ಬನ ಮೊಕದ್ದಮೆಯಲ್ಲಿ ಕೆಲಸದ ದಿನ ಎರಡು ಮೂರು ಗಂಟೆ, ಭಾನುವಾರ ಮತ್ತು ಹಬ್ಬದ ದಿನ ಒಂದೆರಡು ಗಂಟೆಯ ಅಭ್ಯಾಸವನ್ನು ಸ್ಥೂಲ ಅಳತೆಯಾಗಿ ಒಪ್ಪಿದೆ. ರಾತ್ರಿಯ ಹೊತ್ತು ಮಾತ್ರ ಬೇಡ. ಇದು ತಿಳಿದೇ ತಾಯಿಯ ಅರ್ಧ ಆತಂಕ ಇಳಿಯಿತು.

ಫೋನಿನ ಆ್ಯಪ್‌ನಲ್ಲಿ ಖಾರ್ಕಿವ್‌ನ ವಾಯುದಾಳಿ ಎಚ್ಚರಿಕೆಯ ಸೈರನ್ ರಾತ್ರಿಯಿಡೀ ಮೊಳಗುತ್ತಿತ್ತು. ಅದನ್ನು ತೆಗೆದುಹಾಕು ಎನ್ನಬಾರದು. ಹಾಗೆಂದರೆ ಅಪ್ಪನನ್ನು ಕೈಬಿಟ್ಟಂತೆ ಅನಿಸುತ್ತದೆ. ಸದ್ದು ಮಾತ್ರ ನಿಲ್ಲಿಸಿ, ಬೆಳಿಗ್ಗೆ ಸಂಜೆ ಅಪ್ಪನಿಂದ ಒಂದೊಂದು ಸಂದೇಶ ಬರುವಂತೆ ಒಪ್ಪಂದವಾಯಿತು. ತಾಲೀಮಿನಲ್ಲಿ ಫೋನು ವ್ಯವಸ್ಥಾಪಕಿಯ ಬಳಿ, 45 ನಿಮಿಷಕ್ಕೊಮ್ಮೆ ಬಿಡುವಿನಲ್ಲಿ ಅವಳ ಕೈಗೆ.

ಜೊತೆಗಾರನ ಕುರ್ಚಿಯನ್ನು ಗೌರವಕ್ಕೆಂದು ಖಾಲಿ ಇಟ್ಟಿದ್ದರು. ದಿನವೂ ಅದರ ಪಕ್ಕ ಕೂರುವವಳು ಈಕೆ. ಆ ಹುಡುಗನನ್ನೇ ಕೇಳಿ ಎಂಬುದು ನಮ್ಮ ಸಲಹೆ. ಬೇರೆಯವರನ್ನು ಕೂರಿಸಿ, ಕಮಾನಿನ ಗುರುತುಗಳನ್ನು ನನಗೆ ಕಳಿಸಿ ಎಂದನಂತೆ. ಈಗ ಪ್ರತಿ ತಾಲೀಮಿನ ಬಳಿಕ ಆಕೆ ಪುಟಗಳ ಫೋಟೊ ತೆಗೆದು ಕಳಿಸುತ್ತಾಳೆ, ಆತ ಅಲ್ಲಿ ಅದನ್ನೇ ಅಭ್ಯಾಸ ಮಾಡುತ್ತಾನೆ.

ವ್ಯವಸ್ಥಾಪಕರಿಗೆ ಇನ್ನೆರಡು ಮಾತು. ಕಛೇರಿಯ ದಿನ, ನುಡಿಸುವ ಮುಂಚೆ, ಬಾಂಬಿನ ಕಥೆ ಕೇಳುವ ಸಂದರ್ಶನ ಬೇಡವೇ ಬೇಡ. 18 ತುಂಬದವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಯಾವ ಪ್ರಶ್ನೆಗೂ ಒಲ್ಲೆ ಎನ್ನುವ ಹಕ್ಕು ಮಕ್ಕಳಿಗಿರಬೇಕು. ಡಿಸೆಂಬರ್ 31ರ ರಾತ್ರಿ ಜರ್ಮನಿಯ ಬೀದಿಗಳಲ್ಲಿ ಪಟಾಕಿ ಎಷ್ಟು ಹೊತ್ತು ಸಿಡಿಯುತ್ತದೆಂದು ಮೊದಲೇ ತಿಳಿಸಿ, ಆ ರಾತ್ರಿ ಯಾರ ಜೊತೆ ಇರುತ್ತಾರೆಂದು ಗೊತ್ತುಮಾಡಿಕೊಳ್ಳಿ.

ಕಛೇರಿಯಲ್ಲಿ ಹುಡುಗಿ ಹೊರತುದಿಯ ಕುರ್ಚಿಯಿಂದ ಕೊನೆಯ ಭಾಗವನ್ನು ಪೂರ್ತಿ ನುಡಿಸಿದಳು. ನಿದ್ದೆ ಇನ್ನೂ ಹದಕ್ಕೆ ಬಂದಿಲ್ಲ, ಚಿಕಿತ್ಸೆ ನಡೆದಿದೆ.