ಹನ್ನೊಂದು ಪುಟ ಬರೆದಿಟ್ಟುಕೊಂಡಿದ್ದೇನೆ, ಒಯ್ಯಲೇ?

(ಈ ವಾರದ ಪತ್ರಗಳಿಗೆ ಉತ್ತರಿಸಿದವರು: ಜಿಲ್ಲಾ ಆಸ್ಪತ್ರೆಯೊಂದರಲ್ಲಿ 19 ವರ್ಷ ಕೆಲಸ ಮಾಡಿ, ಈಗ ಶಿವಮೊಗ್ಗದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ, ಮಾತಿನ ಮೂಲಕ ಚಿಕಿತ್ಸೆ (ಥೆರಪಿ) ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್)

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ, 36 ವರ್ಷ. ಎಂಟು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಶಾಲೆಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತದ್ದೂ ಉಂಟು. ಮನೋವೈದ್ಯರು ಒಂದು ಮಾತ್ರೆ ಬರೆದುಕೊಟ್ಟು, ಥೆರಪಿಗೂ ಹೋಗಿ ಅಂದಿದ್ದಾರೆ. ಬರುವ ಬುಧವಾರ ಮೊದಲ ಸಲ. ಅಲ್ಲಿ ಏನು ಕೇಳುತ್ತಾರೆ? ಮಾತೇ ಹೊರಡದಿದ್ದರೆ? ಹೇಳಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ಬರೆದಿಟ್ಟುಕೊಂಡಿದ್ದೇನೆ. ಒಯ್ಯಬಹುದೇ?
– ಹೆಸರು ಬೇಡ, ತಿಪಟೂರು

ಉತ್ತರ: ಒಯ್ಯಿರಿ. ಆದರೆ ಓದಿ ಒಪ್ಪಿಸಬೇಡಿ. ಪಾಠದ ಟಿಪ್ಪಣಿ ಇಲ್ಲದೆ ತರಗತಿಗೆ ಹೋಗಿ ಅಭ್ಯಾಸವಿಲ್ಲದವರು ನೀವು, ಅರ್ಥವಾಗುತ್ತದೆ. ಬುಧವಾರ ಮಾತ್ರ ಪಾಠ ಮಾಡುವ ಸರದಿ ನಿಮ್ಮದಲ್ಲ, ಅವರದೂ ಅಲ್ಲ.

ನಾನೂ ಒಮ್ಮೆ ಆ ಕಡೆಯ ಕುರ್ಚಿಯಲ್ಲಿ ಕೂತವಳು. ಅಪ್ಪ ತೀರಿಕೊಂಡ ವರ್ಷ. ಬಸ್ಸಿನಲ್ಲಿ ಹೋಗುವಾಗ ಮೊದಲ ವಾಕ್ಯದಿಂದ ಕೊನೆಯದರವರೆಗೆ ಮನಸ್ಸಿನಲ್ಲೇ ರಿಹರ್ಸಲ್ ಮಾಡಿಕೊಂಡಿದ್ದೆ. ಒಳಗೆ ಹೋಗಿ ಕೂತ ಮೇಲೆ ಬಾಯಿಂದ ಬಂದದ್ದು, ಕಂಡಕ್ಟರ್ ಎಂಟು ರೂಪಾಯಿ ಚಿಲ್ಲರೆ ಕೊಡಲಿಲ್ಲ ಅನ್ನುವ ದೂರು! ಇಪ್ಪತ್ತು ನಿಮಿಷ ಅದೇ. ಟಿಕೆಟ್ಟಿನ ಬೆನ್ನಿಗೆ ಅವನು ಗೀಚಿಕೊಟ್ಟಿದ್ದ '8' ಅನ್ನು ಪರ್ಸಿನಿಂದ ತೆಗೆದು ತೋರಿಸಿದೆ ಬೇರೆ. ಎದುರಿಗಿದ್ದ ಥೆರಪಿಸ್ಟ್ ನಗಲಿಲ್ಲ. "ಇಳಿಯುವಾಗ ಕೇಳೋಕೆ ಯಾಕೆ ಆಗಲಿಲ್ಲ?" ಅಂದರು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕನೇ ವಾರ ಉತ್ತರ ಬಂತು, ಅದೂ ಅಪ್ಪನ ವಿಷಯಕ್ಕೆ ಸುತ್ತಿಕೊಂಡು.

ಮೊದಲ ಸೆಷನ್ ಬಹಳ ಜನರಿಗೆ ನಿರಾಸೆ ತರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಏನೋ ಭಾರ ಇಳಿಯುತ್ತದೆ ಅಂದುಕೊಂಡು ಹೋದರೆ ಅಲ್ಲಿ ಬರೀ ವಿಚಾರಣೆ. ನಿದ್ದೆ ಹೇಗೆ, ಹಸಿವು ಹೇಗೆ, ಮುಟ್ಟು ಸರಿಯಾಗಿ ಬರುತ್ತದಾ, ಥೈರಾಯ್ಡ್ ನೋಡಿಸಿದ್ದೀರಾ, ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ. ಥೈರಾಯ್ಡ್ ಕೇಳುವುದು ಸುಮ್ಮನೆ ಅಲ್ಲ. ಅದು ಕಡಿಮೆಯಾದಾಗಲೂ ಸುಸ್ತು, ಮಂಕು, ಅಳು ಎಲ್ಲ ಹೀಗೇ ಇರುತ್ತವೆ. ಒಂದು ಹಾಳೆ ಕೊಟ್ಟು ಟಿಕ್ ಮಾಡಿ ಅನ್ನಬಹುದು. ಸಾಮಾನ್ಯವಾಗಿ ಕೊಡುವುದರಲ್ಲಿ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಒಂದೊಂದಕ್ಕೂ 0ಯಿಂದ 3 ಅಂಕ. ಒಂಬತ್ತನೆಯದು ಸಾಯುವ ಯೋಚನೆ ಬಂದಿತ್ತೇ ಎಂಬುದು. ಬೆಚ್ಚಬೇಡಿ, ಎಲ್ಲರಿಗೂ ಕೇಳುತ್ತಾರೆ. ಬಂದಿದ್ದರೆ ಬಂದಿದೆ ಅನ್ನಿ. ಹೇಳಿದ ಕೂಡಲೇ ಯಾರೂ ಹಿಡಿದು ವಾರ್ಡಿಗೆ ಹಾಕುವುದಿಲ್ಲ. 27ಕ್ಕೆ ಎಷ್ಟು ಬಂತು ಅನ್ನುವುದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಆರು ವಾರದ ಮೇಲೆ ಹೋಲಿಸಿ ನೋಡಲು ಇಟ್ಟ ಗುರುತು.

ಆಮೇಲಿನ ವಾರಗಳಲ್ಲಿ ಮನೆಗೆಲಸ ಕೊಡುತ್ತಾರೆ (ಮೇಡಂಗೇ ಹೋಂವರ್ಕ್!). ಮೂರು ಗೆರೆ ಎಳೆದು ಬರೆಯುವ ಪಟ್ಟಿ: ಏನಾಯಿತು, ಆಗ ತಲೆಗೆ ಏನು ಬಂತು, ಎಷ್ಟು ಸಂಕಟ ಆಯಿತು. ನನ್ನಲ್ಲಿಗೆ ಬರುವವರ ಹಾಳೆಗಳಲ್ಲಿ ಮೊದಲ ವಾರ ನಡುವಿನ ಕಾಲಂ ಖಾಲಿ ಇರುತ್ತದೆ. 'ಹೆಡ್‌ಮಾಸ್ಟರ್ ಹಾಜರಿ ಪುಸ್ತಕ ಕೇಳಿದರು', ಆ ಕಡೆ '100ಕ್ಕೆ 80'. ನಡುವೆ ಏನೂ ಇಲ್ಲ. 'ನಾನು ಯಾವ ಕೆಲಸಕ್ಕೂ ಲಾಯಕ್ಕಿಲ್ಲ' ಅನ್ನುವ ಸಾಲು ಅಲ್ಲಿ ಮಿಂಚಿ ಹೋಗಿರುತ್ತದೆ, ಕಣ್ಣಿಗೆ ಬಿದ್ದಿರುವುದಿಲ್ಲ. ಅದನ್ನು ಹಿಡಿಯುವುದೇ ಅರ್ಧ ಕೆಲಸ. ಹಿಡಿದ ಮೇಲೆ, ನಿಜವಾ, ಎಷ್ಟು ನಿಜ ಅಂತ ಇಬ್ಬರೂ ಕೂತು ಕೆದಕುವುದು. ಮೂರು–ನಾಲ್ಕನೇ ವಾರಕ್ಕೆ ಮೊದಲಿಗಿಂತ ಕೆಟ್ಟದಾಯಿತಲ್ಲ ಅನ್ನಿಸಬಹುದು. ಬಿಟ್ಟುಹೋಗುವವರು ಹೆಚ್ಚಾಗಿ ಅಲ್ಲೇ ಬಿಡುತ್ತಾರೆ. ನೀವು ಬಿಡುವ ಮೊದಲು "ಇದರಿಂದ ನನಗೆ ಏನೂ ಆಗ್ತಿಲ್ಲ" ಅಂತ ಅವರ ಮುಖಕ್ಕೇ ಹೇಳಿ. ನನಗೆ ಯಾರಾದರೂ ಹಾಗೆ ಹೇಳಿದ ದಿನ ಒಳ್ಳೆಯ ಸೆಷನ್ ಆಗುತ್ತದೆ.

ಒಂದು ಸೆಷನ್ 45–50 ನಿಮಿಷ, ವಾರಕ್ಕೊಮ್ಮೆ. ನಿಮ್ಮಂಥ ತೊಂದರೆಗೆ 12ರಿಂದ 20 ಸೆಷನ್ ಅಂತ ಲೆಕ್ಕ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಷ್ಟು ಹೊತ್ತು ಸಿಗದು, ಜನ ಸಾಲುಗಟ್ಟಿರುತ್ತಾರೆ. ನಾನಿದ್ದ ಕಡೆ ಎಷ್ಟೋ ದಿನ ಇಪ್ಪತ್ತು ನಿಮಿಷಕ್ಕೇ ಮುಗಿಸಬೇಕಾಗುತ್ತಿತ್ತು. ಮಾತ್ರೆ ಖಿನ್ನತೆಯದಾದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸಬಹುದು. ಸರಿಹೋಯಿತು ಅಂತ ನೀವೇ ನಿಲ್ಲಿಸಬೇಡಿ. ಥೆರಪಿಯವರು ಅದನ್ನು ಹೆಚ್ಚು–ಕಡಿಮೆ ಮಾಡುವ ಹಾಗಿಲ್ಲ, ಅದು ಮನೋವೈದ್ಯರ ಕೆಲಸ.

ಇನ್ನೊಂದು. ಬೋರ್ಡ್ ಹಾಕಿದವರೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ, ಸಂಕೋಚ ಬೇಡ. ಅಪ್ಪನ ದುಃಖಕ್ಕೆ ನಾನು ಮೊದಲು ಹೋದದ್ದು ಬೇರೊಬ್ಬರ ಹತ್ತಿರ. ಒಂದೇ ಗಂಟೆಯಲ್ಲಿ ಮೂರು ಫೋನ್ ಎತ್ತಿದರು, ಕೊನೆಗೆ ತೀರ್ಥಯಾತ್ರೆ ಮಾಡಿ ಅಂದರು. ಎರಡನೇ ಸಲ ಹೋಗಲಿಲ್ಲ. ಇಷ್ಟೆಲ್ಲ ಬಲ್ಲ ನಾನೇ ಅದಕ್ಕೂ ಮೂರು ತಿಂಗಳು ನನ್ನನ್ನೇ ಬೈದುಕೊಂಡೆ.

ಪ್ರಶ್ನೆ: 22 ವರ್ಷದ ಮಗ ವಾರ ವಾರ ಕೌನ್ಸೆಲಿಂಗ್‌ಗೆ ಹೋಗುತ್ತಾನೆ. ಫೀಸು ಕೊಡುವವನು ನಾನು. ಅಲ್ಲಿ ಏನು ಮಾತಾಡುತ್ತಾನೆ ಅಂತ ಕೇಳಿದರೆ ಅವರು ಬಾಯಿ ಬಿಡುವುದಿಲ್ಲ. ಇದು ಸರಿಯೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಸರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಗೌಪ್ಯತೆಯನ್ನು ನಿಮ್ಮ ಮಗನ ಹಕ್ಕು ಅನ್ನುತ್ತದೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ನ್ಯಾಯಾಲಯ ಕೇಳಿದರೆ, ಇಂಥ ಕೆಲವು ಸಂದರ್ಭ ಬೇರೆ. ಕಾಲೇಜಿನ ಫೀಸು ಕಟ್ಟಿದ್ದಕ್ಕೆ ಉತ್ತರ ಪತ್ರಿಕೆ ನೀವು ಬರೆಯುತ್ತೀರಾ? ಅವನು ಮನೆಗೆ ಬಂದಾಗ "ಏನಂದ್ರು?" ಅನ್ನಬೇಡಿ. "ಊಟ ಬಡಿಸಲಾ?" ಅನ್ನಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಥೆರಪಿಸ್ಟ್ ಒಳ್ಳೆಯವರು, ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ಆಫೀಸಿನ ಮೀಟಿಂಗ್ ಥರ ಅನ್ನಿಸುತ್ತದೆ. ಬದಲಾಯಿಸಲೇ?
– ಮೂಲ ಕುಂದಾಪುರ

ಉತ್ತರ: ಬದಲಾಯಿಸಬಹುದು, ಅದು ದ್ರೋಹ ಅಲ್ಲ. 'ಬೇಜಾರು' ಅನ್ನುವ ನಮ್ಮ ಒಂದೇ ಮಾತಿನಲ್ಲಿ ದುಃಖ, ಮುನಿಸು, ಸಾಕಾಗಿದೆ, ಮಾಡಲು ಏನೂ ಇಲ್ಲ, ಎಲ್ಲ ಇದೆ. ಯಾವ ಬೇಜಾರು ಅಂತ ವಿಚಾರಿಸುವುದರಲ್ಲೇ ಎಷ್ಟೋ ಸಲ ಗಂಟು ಸಡಿಲುತ್ತದೆ. ಇಂಗ್ಲಿಷಿಗೆ ಒಯ್ಯುವಾಗ ನೀವೇ ಒಂದನ್ನು ಆರಿಸಿಬಿಟ್ಟಿರುತ್ತೀರಿ. ಸದ್ಯಕ್ಕೆ ಅಳು ಬಂದಾಗ ಕನ್ನಡದಲ್ಲೇ, ಕುಂದಾಪ್ರದಲ್ಲೇ ಹೇಳಿ, ಆಮೇಲೆ ಅರ್ಥ ಹೇಳಿ. ಕನ್ನಡ ಬಲ್ಲವರನ್ನು ಹುಡುಕಲು ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ರಾತ್ರಿ ಹೊತ್ತಲ್ಲಿ ತೀರಾ ತಡೆಯಲಾಗದಿದ್ದರೆ 14416, ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಸೆಷನ್ ಮುಗಿಸಿ ನೇರ ಡ್ಯೂಟಿಗೆ ಹೋಗಬಹುದೇ?
– ನರ್ಸ್, ಭದ್ರಾವತಿ

ಉತ್ತರ: ಮೊದಲ ಕೆಲವು ವಾರ ಬೇಡ. ಮೈ ಸೋತಿರುತ್ತದೆ, ಕಣ್ಣು ಊದಿರುತ್ತದೆ. ಅರ್ಧ ಗಂಟೆ ಇಟ್ಟುಕೊಳ್ಳಿ. ನಮ್ಮ ಕ್ಲಿನಿಕ್ಕಿನ ಕೆಳಗೆ ಒಂದು ಟೀ ಅಂಗಡಿ ಇದೆ. ನನ್ನಲ್ಲಿಂದ ಇಳಿದು ಬಂದವರಿಗೆ ಅಂಗಡಿಯವನು ಏನೂ ಕೇಳದೆ ಒಳಗಿನ ಬೆಂಚು ತೋರಿಸುತ್ತಾನೆ, ಟೀಗೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕುತ್ತಾನೆ. ನಾನು ಹೇಳಿಕೊಟ್ಟದ್ದಲ್ಲ.