ಮೆಲನೋಮಾ ರಿಪೋರ್ಟಿನಲ್ಲಿ ‘ಬಿಆರ್‌ಎಎಫ್ ಪಾಸಿಟಿವ್’: ಮಕ್ಕಳಿಗೂ ಬರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯ ಬೆನ್ನಿನ ಮೇಲಿದ್ದ ಕಪ್ಪು ಮಚ್ಚೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗಿದೆ. ಈಗ ಶ್ವಾಸಕೋಶಕ್ಕೂ ಹರಡಿದೆ. ಗೆಡ್ಡೆಯ ಜೀನ್ ಪರೀಕ್ಷೆಯಲ್ಲಿ ‘ಬಿಆರ್‌ಎಎಫ್ ವಿ600ಇ ಪಾಸಿಟಿವ್’ ಎಂದು ಬಂದಿದೆ. ಇದು ವಂಶದ ಕಾಯಿಲೆಯೇ? ನನ್ನ ಮೈಮೇಲೂ ತುಂಬಾ ಮಚ್ಚೆಗಳಿವೆ. ಒಂದೇ ದೋಷಕ್ಕೆ ಎರಡು ಬಗೆಯ ಮಾತ್ರೆ ಯಾಕೆ?

ಉತ್ತರ: ಮೊದಲು ವಂಶದ ಮಾತು. ರಿಪೋರ್ಟಿನಲ್ಲಿರುವ ಈ ಜೀನ್ ಬದಲಾವಣೆ ನಿಮ್ಮ ತಂದೆಯವರಿಗೆ ಹುಟ್ಟಿನಿಂದ ಬಂದದ್ದಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶವೊಂದರಲ್ಲಿ ಯಾವಾಗಲೋ ಆಗಿ, ಆ ಕೋಶದ ಸಂತತಿಯಲ್ಲಷ್ಟೇ ಉಳಿದುಕೊಂಡಿದೆ. ಹಾಗಾಗಿ ಮಕ್ಕಳಿಗೆ ದಾಟುವುದಿಲ್ಲ. ವಂಶದಲ್ಲಿ ಹರಿದುಬರುವ ಮೆಲನೋಮಾದಲ್ಲಿ ಹೆಚ್ಚಾಗಿ ಕೆಟ್ಟಿರುವುದು ಸಿಡಿಕೆಎನ್2ಎ ಎಂಬ ಬೇರೆಯೇ ಜೀನ್. ತಂದೆಯ ಕಡೆಯ ಹಲವರಿಗೆ ಮೆಲನೋಮಾ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದಿದ್ದರೆ ಮಾತ್ರ ಅದರ ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಬಿಆರ್‌ಎಎಫ್ ಸಂದೇಶ ದಾಟಿಸುವ ಪ್ರೋಟೀನು. ಬೆಳೆಯಲು ಹೇಳುವ ಅಣು ಹೊರಗಿನಿಂದ ಬಂದು ಕೋಶಕ್ಕೆ ಅಂಟಿದಾಗ ಆರ್‌ಎಎಸ್ ಎಂಬ ಪ್ರೋಟೀನು ಎಚ್ಚೆತ್ತು ಬಿಆರ್‌ಎಎಫ್ ಅನ್ನು ಎಬ್ಬಿಸುತ್ತದೆ. ಅದು ಮೆಕ್ ಎಂಬ ಪ್ರೋಟೀನನ್ನು, ಮೆಕ್ ಎರ್ಕ್ ಎಂಬ ಪ್ರೋಟೀನನ್ನು ಎಬ್ಬಿಸುತ್ತವೆ. ಎರ್ಕ್ ಕೋಶಕೇಂದ್ರದೊಳಗೆ ಹೋಗಿ ವಿಭಜನೆಯ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹೊರಗಿನ ಕರೆ ನಿಂತರೆ ಎಲ್ಲವೂ ತಣ್ಣಗಾಗಬೇಕು. ವಿ600ಇ ಆದಾಗ ಡಿಎನ್‌ಎಯ ಒಂದೇ ಅಕ್ಷರ ಬದಲಾಗಿ, ಪ್ರೋಟೀನಿನ 600ನೇ ಸ್ಥಾನದಲ್ಲಿ ವ್ಯಾಲಿನ್ ಇರಬೇಕಾದಲ್ಲಿ ಗ್ಲುಟಾಮಿಕ್ ಆಮ್ಲ ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಬಿಆರ್‌ಎಎಫ್‌ಗೆ ಯಾರೂ ಎಬ್ಬಿಸುವುದೇ ಬೇಡ. 2002ರಲ್ಲಿ ಪತ್ತೆಯಾದ ಈ ಜೀನಿನ ದೋಷ ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸಿಗುತ್ತದೆ. ಅಂಗಾಲು, ಅಂಗೈ, ಉಗುರಿನಡಿಯ ಮೆಲನೋಮಾಗಳಲ್ಲಿ ಕಡಿಮೆ.

ನಿಮ್ಮ ಮಚ್ಚೆಗಳನ್ನು ಪರೀಕ್ಷಿಸಿದರೆ ಅವುಗಳಲ್ಲೂ ಇದೇ ವಿ600ಇ ಸಿಗಬಹುದು. ಗಾಬರಿ ಬೇಡ. ಸಾಧಾರಣ ಮಚ್ಚೆಯಲ್ಲಿ ಕೋಶಗಳು ಕೆಲಕಾಲ ಹೆಚ್ಚಿ, ಪಿ16ನಂಥ ತಡೆಪ್ರೋಟೀನುಗಳ ಅಡ್ಡಿಯಿಂದ ನಿಂತುಬಿಡುತ್ತವೆ. ಪಿ16 ತಯಾರಾಗುವುದು ಮೇಲೆ ಹೇಳಿದ ಸಿಡಿಕೆಎನ್2ಎ ಜೀನಿನಿಂದಲೇ. ಆ ತಡೆಯೂ ಮುರಿದಾಗ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆದ್ದರಿಂದ ಇರುವ ಮಚ್ಚೆಗಳನ್ನೆಲ್ಲ ಕತ್ತರಿಸಿ ಜೀನ್ ಪರೀಕ್ಷೆಗೆ ಕಳಿಸುವುದು ವ್ಯರ್ಥ. ಆದರೂ ತಂದೆಗೆ ಮೆಲನೋಮಾ ಇರುವುದರಿಂದ ನಿಮ್ಮ ಅಪಾಯ ಇತರರಿಗಿಂತ ಸ್ವಲ್ಪ ಹೆಚ್ಚು. ವರ್ಷಕ್ಕೊಮ್ಮೆ ಚರ್ಮತಜ್ಞರಿಗೆ ಇಡೀ ಮೈ ತೋರಿಸಿ, ಬೆನ್ನು ಮತ್ತು ಅಂಗಾಲನ್ನೂ ಸೇರಿಸಿ. ಬಹುಪಾಲು ಮೆಲನೋಮಾ ಹುಟ್ಟುವುದು ಹಳೆಯ ಮಚ್ಚೆಯಲ್ಲಲ್ಲ, ಏನೂ ಇರದ ಜಾಗದಲ್ಲಿ. ಹೊಸದಾಗಿ ಕಂಡು ಬೆಳೆಯುತ್ತಿರುವ ಕಲೆಯನ್ನು ಬೇಗ ತೋರಿಸಿ.

ಇನ್ನು ಎರಡು ಮಾತ್ರೆ. ಬಿಆರ್‌ಎಎಫ್ ತಡೆಯುವ ಔಷಧವೊಂದನ್ನೇ ಕೊಟ್ಟಾಗ ಗೆಡ್ಡೆ ಬೇಗ ಕುಗ್ಗುತ್ತಿತ್ತು, ಹಲವರಲ್ಲಿ ಆರೇಳು ತಿಂಗಳಿಗೆ ಮತ್ತೆ ಬೆಳೆಯುತ್ತಿತ್ತು. ಗೆಡ್ಡೆ ಆರ್‌ಎಎಸ್ ಅನ್ನು ಕೆಡಿಸಿಕೊಂಡೋ ಬಿಆರ್‌ಎಎಫ್ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡೋ ಮೆಕ್‌ಗೆ ಸಂದೇಶ ಮುಟ್ಟಿಸುತ್ತಿತ್ತು. ಇನ್ನೊಂದು ವಿಚಿತ್ರವೂ ಇತ್ತು: ಬಿಆರ್‌ಎಎಫ್ ಸರಿಯಿದ್ದು ಆರ್‌ಎಎಸ್ ಕೆಟ್ಟಿರುವ ಕೋಶಗಳಲ್ಲಿ ಅದೇ ಔಷಧ ಸಂದೇಶವನ್ನು ಇನ್ನಷ್ಟು ಜೋರು ಮಾಡಿ, ಕೆಲವರಲ್ಲಿ ಸ್ಕ್ವಾಮಸ್ ಕೋಶದ ಚರ್ಮ ಕ್ಯಾನ್ಸರ್ ಹುಟ್ಟಿಸುತ್ತಿತ್ತು. ಕೆಳಗಿನ ಮೆಕ್ ಅನ್ನೂ ಕಟ್ಟಿಹಾಕಿದರೆ ಎರಡೂ ತೊಂದರೆ ತಗ್ಗುತ್ತವೆ, ಪೂರ್ತಿ ಹೋಗುವುದಿಲ್ಲ.

ಹೆಚ್ಚು ಬಳಕೆಯಲ್ಲಿರುವ ಜೋಡಿಯಲ್ಲಿ ಬಿಆರ್‌ಎಎಫ್ ತಡೆಯುವ ಡಾಬ್ರಾಫೆನಿಬ್ 150 ಮಿಲಿಗ್ರಾಂ ದಿನಕ್ಕೆರಡು ಸಲ, ಮೆಕ್ ತಡೆಯುವ ಟ್ರಾಮೆಟಿನಿಬ್ 2 ಮಿಲಿಗ್ರಾಂ ಒಂದು ಸಲ. ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ಜ್ವರ ಈ ಜೋಡಿಯ ದೊಡ್ಡ ಕಾಟ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಎರಡನ್ನೂ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ, ಸೋಂಕು ಅಲ್ಲವೆಂದು ಖಚಿತವಾಗಬೇಕು. ಹೃದಯದ ಎಕೋ ಶುರುವಿಗೆ ಮೊದಲು, ತಿಂಗಳ ನಂತರ, ಆಮೇಲೆ 2-3 ತಿಂಗಳಿಗೊಮ್ಮೆ. ದೃಷ್ಟಿ ಮಂಜಾದರೆ ಅಂದೇ ಹೇಳಿ.

ಮಾತ್ರೆ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಮೊದಲು ಕೊಡಬಹುದೇ? ಬಿಆರ್‌ಎಎಫ್ ದೋಷವಿರುವವರಲ್ಲೇ ನಡೆದ ಪ್ರಯೋಗದಲ್ಲಿ ಎರಡು ಇಮ್ಯುನೊಥೆರಪಿ ಔಷಧಗಳಿಂದ ಆರಂಭಿಸಿದವರಲ್ಲಿ ಎರಡು ವರ್ಷಕ್ಕೆ ಸುಮಾರು 72 ಪ್ರತಿಶತ ಬದುಕಿದ್ದರು, ಮಾತ್ರೆಯಿಂದ ಆರಂಭಿಸಿದವರಲ್ಲಿ 52. ಉಸಿರಾಟ ದಿನೇದಿನೇ ಬಿಗಡಾಯಿಸುತ್ತಿದ್ದರೆ ಲೆಕ್ಕ ಬೇರೆ. ಆಗ ಬೇಗ ಕೆಲಸ ಮಾಡುವ ಮಾತ್ರೆಯನ್ನೇ ವೈದ್ಯರು ಮೊದಲು ಆರಿಸಬಹುದು.